ಓಂಕಾರಪ್ಪನ ಮಗಳಿಗೆ ರೂಮಿಲ್ಲ

ಮನೆ ಕಟ್ಟಿ ನೋಡು, ಮದ್ವೆ ಮಾಡಿ ನೋಡು ಅಂತ ಗಾದೆ ಕಟ್ಟಿದೋರು ‘ಬಾಡಿಗೆ ಮನೆ ಹುಡುಕಿ ನೋಡು’ ಅಂತ ಯಾಕೆ ಸೇರಿಸ್ಲಿಲ್ಲೋ ನಾ ಕಾಣೆ. ಅವ್ರಿಗೆ ಸ್ವಂತ ಮನೆ ಇದ್ದಿರಬೇಕು ಬಿಡ್ರಿ. ನಮ್ಮನೆಯೋರು ಓಬಣ್ಣ, ಗಾರೆ ಕೆಲಸದೋರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಎಷ್ಟು ಮನೆಗೆ ಗೋಡೆ ಎಬ್ಬಿಸಿದಾರೆ ಅಂತ ಅವ್ರಿಗೇ ನೆನಪಿಲ್ಲ. ಅಂಥೋರ ಹೆಂಡ್ತಿ ನಾನು, ಕರಿಬಸಮ್ಮ, ಒಂದು ಕೋಣೆ ಒಂದು ಅಡುಗೆಮನೆಗೋಸ್ಕರ ಚನ್ನಗಿರಿ ಬೀದಿ ಬೀದಿ ಚಪ್ಪಲಿ ಸವೆಸಿದೀನಿ.

ಈಗ ನನ್ನ ಮಗಳು ಅಕ್ಷಿತಾಗೂ ಅದೇ ಹಣೆಬರ. ಅದೂ ಇಲ್ಲಲ್ಲ, ಆಫ್ರಿಕದಾಗೆ.

ಆಫ್ರಿಕ ಅಂದ್ರೆ ನಮ್ಮ ಓಣಿಯೋರಿಗೆಲ್ಲ ಸಿಂಹ, ಕಾಡು, ಅಷ್ಟೇ. ಅಕ್ಷಿತಾ ಹೋಗಿರೋ ದೇಶದ ಹೆಸರು ಗಿನಿ ಬಿಸ್ಸಾವ್. ಮಂಗಳೂರಿನ ಗೋಡಂಬಿ ಕಂಪ್ನಿಯೊಂದು ಅಲ್ಲಿಂದ ಹಸಿ ಗೋಡಂಬಿ ಖರೀದಿ ಮಾಡ್ತೈತೆ. ಇವಳು ಆಹಾರದ ವಿಷಯ ಓದಿದೋಳು. ಚೀಲದಿಂದ ಒಂದು ಹಿಡಿ ಬೀಜ ತೆಗೆದು, ಕತ್ತರಿಸಿ, ಒಳಗೆ ತಿರುಳು ಹೆಂಗೈತೆ ಅಂತ ನೋಡಿ, ಈ ಲೋಡು ತಗೋಬಹುದು ಇದು ಬೇಡ ಅಂತ ಹೇಳೋ ಕೆಲಸ. ಸೀಜನ್ ಮುಗಿಯೋತನಕ ಗಬು ಅನ್ನೋ ಊರಾಗೆ ಇರಬೇಕು.

“ಗಬ್ಬು ಅಂತ ಯಾರಾದ್ರೂ ಊರಿಗೆ ಹೆಸರಿಡ್ತಾರೇನೇ?” ಅಂದೆ.

“ಗಬ್ಬು ಅಲ್ಲವ್ವ, ಗಬು. ನಿಮ್ಮ ತೌರಿಗೆ ಜಗಳೂರು ಅಂತ ಇಟ್ಟಿಲ್ವಾ?” ಅಂದ್ಲು. ಬಾಯಿ ನನ್ನದೇ ಬಂದೈತೆ, ಯಾರಿಗೆ ಹೇಳ್ಲಿ.

ಹೋಗುವಾಗ ಕಂಪ್ನಿಯೋರು ಇರಾಕೆ ವ್ಯವಸ್ಥೆ ಐತೆ ಅಂದಿದ್ರು. ಹೋಗಿ ನೋಡಿದ್ರೆ ಆ ವ್ಯವಸ್ಥೆ ಒಂದು ಮನೆ, ಅದರ ತುಂಬ ಗಂಡಸರು. ಇವಳನ್ನ ಹೋಟ್ಲಾಗೆ ಇಳಿಸಿದ್ರು. ಗೋಡಂಬಿ ಸೀಜನ್ನಾಗೆ ಆ ಊರಿಗೆ ಎಲ್ಲೆಲ್ಲಿಂದಲೋ ವ್ಯಾಪಾರಸ್ಥರು ಬಂದು ಬೀಳ್ತಾರಂತೆ. ಹೋಟ್ಲಿನೋನು, ಈ ಭಾನುವಾರ ರೂಮು ಬೇರೆಯೋರಿಗೆ ಬುಕ್ಕಾಗೈತೆ, ಖಾಲಿ ಮಾಡು ಅಂದ. ಅಲ್ಲಿನ ಮ್ಯಾನೇಜರ್ ಪ್ರಸನ್ನಕುಮಾರ್ ಅನ್ನೋರು, ನಮ್ಮ ಕಡೆಯೋರೇ, ಪುತ್ತೂರಿನೋರು, ಅವ್ರು ಕಡ್ಡಿ ತುಂಡು ಮಾಡ್ದಂಗೆ ಹೇಳಿದ್ರಂತೆ: “ಭಾನುವಾರದೊಳಗೆ ಇರಲಿಕ್ಕೆ ಒಂದು ಜಾಗ ಮಾಡಿಕೊಳ್ಳಿ. ಇಲ್ಲದಿದ್ರೆ ನಿಮಗೆ ವಾಪಸ್ ಟಿಕೆಟ್ ಮಾಡಿಸ್ತೇನೆ, ಊರಿಂದ ಒಬ್ಬ ಹುಡುಗನನ್ನ ಕರೆಸ್ತೇನೆ. ನನಗೆ ಬೇರೆ ದಾರಿ ಇಲ್ಲ.”

ಈ ಸೀಜನ್ ಮುಗಿಸಿದ್ರೆ ಕೆಲಸ ಕಾಯಂ. ವಾಪಸ್ ಬಂದ್ರೆ ನನ್ನ ಮಗ್ಗುಲಾಗೆ ಕೂತು ಬ್ಲೌಸಿಗೆ ಹುಕ್ಕು ಹಚ್ಚಬೇಕು.

ನಿಜ ಹೇಳ್ತೀನಿ, ಅವಳು ಬಂದ್ಬಿಡ್ಲಿ ಅಂತ ನನ್ನ ಒಂದು ಮನಸ್ಸು ಹೇಳ್ತಿತ್ತು. ಹೆತ್ತ ಕರುಳು. ಆದ್ರೆ ಹಿಂಗೆ ಬರೋದು ಬೇಡಪ್ಪ. ಜ್ವರ ಬಂತು ಅಂತ ಬರ್ಲಿ, ಕೆಲಸ ಸೇರ್ಲಿಲ್ಲ ಅಂತ ಬರ್ಲಿ, ಅವ್ವನ ನೆನಪಾಯ್ತು ಅಂತ ಬರ್ಲಿ. ‘ಇರಾಕೆ ಜಾಗ ಕೊಡ್ಲಿಲ್ಲ’ ಅಂತ ಮಾತ್ರ ಬರಬಾರ್ದು. ಆ ಮಾತು ನಮ್ಮ ವಂಶದಾಗೆ ಸಾಕಷ್ಟು ಆಗೈತೆ.

ಆ ವಾರ ನನಗೆ ಕೂತಲ್ಲಿ ಕೂರಾಕಾಗ್ಲಿಲ್ಲ, ನಿಂತಲ್ಲಿ ನಿಲ್ಲಾಕಾಗ್ಲಿಲ್ಲ. ಮಶೀನ್ ತುಳಿಯಾಕೆ ಕೂತ್ರೆ ನಾಲ್ಕು ಹೊಲಿಗೆ ಹಾಕಿ ಎದ್ದು ಬರೋದು. ತೋಳಿಗೆ ಕಟ್ ಮಾಡಬೇಕಾದ್ದನ್ನ ಕೊರಳಿಗೆ ಕಟ್ ಮಾಡಿಟ್ಟೆ. ನಮ್ಮ ಮನೆ ಒಳಗೆ ಫೋನಿಗೆ ಸಿಗ್ನಲ್ ಬರಲ್ಲ, ಮುಂದಿನ ಜಗಲೀಗೆ ಬರಬೇಕು. ಅಡುಗೆಮನೆಯಿಂದ ಜಗಲಿ, ಜಗಲಿಯಿಂದ ಅಡುಗೆಮನೆ. ಓನರ್ ಪ್ರೇಮಮ್ಮಾರು ನೋಡಿ ನೋಡಿ, “ಏನ್ರಿ ಕರಿಬಸಮ್ಮ, ಕಾಲಿಗೆ ಚಕ್ರ ಕಟ್ಕೊಂಡೀರಾ?” ಅಂತ ನಕ್ರು.

ಈ ಪ್ರೇಮಮ್ಮಾರ ಮನೆ ನಮಗೆ ಸಿಕ್ಕಿದ್ದೇ ಒಂದು ಕಥೆ. ಅವ್ರ ಯಜಮಾನ್ರು ಪಂಚಾಕ್ಷರಪ್ಪ, ಅಡಿಕೆ ವ್ಯಾಪಾರ, ಲಿಂಗಾಯತ್ರು. ಮುಂದೆ ಅವ್ರ ಮನೆ, ಮಗ್ಗುಲಿಗೆ ನಮ್ಮದು, ಜಗಲಿ ಒಂದೇ. ಅವ್ರ ಮನೆಗಿಂತ ಮೊದಲು ನಾವು ನೋಡಿದ ಮನೆಯೋರೆಲ್ಲ ಮೊದಲು ಗಂಡನ ಹೆಸರು ಕೇಳೋರು. ಓಬಣ್ಣ ಅಂದ್ರೆ, “ಯಾವ ಜನ ನೀವು?” ಹೇಳಿದ್ರೆ, “ನಮ್ಮ ಅತ್ತೆಯೋರನ್ನ ಕೇಳಿ ಹೇಳ್ತೀವಿ.” ಆ ಅತ್ತೆಯೋರು ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಪ್ರೇಮಮ್ಮಾರು ನನ್ನ ಹೆಸರು ಕೇಳಿದ್ರು. ಕರಿಬಸಮ್ಮ ಅಂದೆ. “ಓ, ಉಕ್ಕಡಗಾತ್ರಿ ಅಜ್ಜಯ್ಯನ ಹೆಸರಾ! ನಾವೂ ಅಮಾಸೆಗೆ ಹೋಗ್ತೀವಿ,” ಅಂತ ಅವ್ರೇ ಖುಷಿಯಾದ್ರು, ಅವ್ರೇ ನನ್ನ ಜಾತಿ ತೀರ್ಮಾನ ಮಾಡಿದ್ರು. ಲಿಂಗಾಯತ್ರು ಪೂಜಿಸೋ ಆ ಅಜ್ಜಯ್ಯನ ಹೆಸರು ನಮ್ಮ ಜನಾನೂ ಇಟ್ಕೋತಾರೆ, ಅದು ಅವ್ರಿಗೆ ಹೊಳೀಲಿಲ್ಲ. ನಾನು ಹೂಂ ಅನ್ಲಿಲ್ಲ, ಉಹೂಂ ಅನ್ಲಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ನಕ್ಕೆ. “ಯಜಮಾನ್ರ ಹೆಸರು?” ಅಂದ್ರು. ನಾಲಿಗೆ ತುದಿಗೆ ಓ ಅಂತ ಬಂದಿತ್ತು, ಹಿಂದಕ್ಕೆ ತಗೊಳ್ಳಾಕೆ ಆಗ್ಲಿಲ್ಲ. “ಓಂಕಾರಪ್ಪ” ಅಂದ್ಬಿಟ್ಟೆ.

ಅವತ್ತಿನಿಂದ ಓಬಣ್ಣ ಕೆಲಸದ ಜಾಗದಾಗೆ ಓಬಣ್ಣ, ಓಣೀಲಿ ಓಂಕಾರಪ್ಪ. ಅಕ್ಷಿತಾ ಆಗ ಚಿಕ್ಕೋಳು. ಸ್ಕೂಲಾಗೆ ಒಂದು ಹೆಸರು ಹೇಳು, ಮನೆ ಹತ್ರ ಒಂದು ಹೆಸರು ಹೇಳು ಅಂತ ಮಗ್ಗಿ ಬಾಯಿಪಾಠ ಮಾಡಿಸ್ದಂಗೆ ಮಾಡಿಸ್ದೆ. ಯಾರಾದ್ರೂ ‘ನಿಮ್ಮೋರು ಯಾರು?’ ಅಂದ್ರೆ ಮಾತು ಮರೆಸೋದು ಹೆಂಗೆ ಅಂತ ಕಲಿಸ್ದೆ. ಮನೆಯಾಗೆ ಕೋಳಿ ಬೇಯಿಸಂಗಿಲ್ಲ. ಕೋಳಿ ಸಾರು ಉಣ್ಣಬೇಕು ಅನ್ನಿಸಿದ್ರೆ ನಲ್ಲೂರಿಗೆ ಬಸ್ ಹತ್ತಿ ನನ್ನ ತಂಗಿ ಅಂಬಿಕಾ ಮನೆಗೆ ಹೋಗೋದು, ಉಂಡು ಕೈ ಮೂರು ಸಲ ಸೋಪು ಹಚ್ಚಿ ತೊಳ್ಕೊಂಡು ಬರೋದು. ನಗಬ್ಯಾಡ್ರಿ. ಬಾಡಿಗೆ ಜೊತೆಗೆ ಇದನ್ನೂ ಕಟ್ತಿದ್ವಿ ಅಂತ ತಿಳ್ಕೊಳ್ರಿ.

ಪ್ರೇಮಮ್ಮಾರು ಕೆಟ್ಟೋರಲ್ಲ. ಅಕ್ಷಿತಾ ಅಂದ್ರೆ ಪ್ರಾಣ. ಹಬ್ಬಕ್ಕೆ ಹೋಳಿಗೆ ಮೊದಲು ಇವಳಿಗೇ. ಅದೇ ಇನ್ನೂ ಕಷ್ಟ, ನೋಡ್ರಿ. ಕೆಟ್ಟೋರ ಹತ್ರ ಸುಳ್ಳು ಹೇಳೋದು ಸುಲಭ.

ಇರ್ಲಿ. ಗಬು ಊರಿಗೆ ಬರೋಣ. ಅಕ್ಷಿತಾ ದಿನಾ ಕೆಲಸ ಬಿಟ್ಟ ಮೇಲೆ ರೂಮು ಹುಡುಕಾಕೆ ಹೊರಡೋಳು. ಗೋಡೌನಾಗೆ ತೂಕ ಬರೆಯೋ ಹುಡುಗಿ ಫಾತುಮಾತಾ ಜೊತೆಗೆ. ಅವಳಿಗೆ ಇಂಗ್ಲಿಷು ಸ್ವಲ್ಪ ಬರ್ತೈತೆ, ಅಲ್ಲಿನ ಜನರ ಮಾತು ಪೂರಾ ಬರ್ತೈತೆ. ಫೋನಿನ ಮ್ಯಾಪಾಗೆ ಲಾಡ್ಜು ಅಂತ ತೋರಿಸಿದ ಜಾಗಕ್ಕೆ ಹೋದ್ರೆ ಅಲ್ಲಿ ಸಿಮೆಂಟ್ ಅಂಗಡಿ. ಅಂಗಡಿಯೋನು, ಲಾಡ್ಜು ಮುಚ್ಚಿ ಕಾಲ ಆಯ್ತು, ಆಚೆ ಬೀದೀಲಿ ಕೇಳಿ ಅಂದ. ಆಚೆ ಬೀದಿಯೋನು ಇನ್ನೊಬ್ಬನ ಹೆಸರು ಹೇಳ್ದ. ಆ ಇನ್ನೊಬ್ಬ ತೋರಿಸಿದ ಕೋಣೆಗೆ ಚಿಲಕ ಇಲ್ಲ. ಇನ್ನೊಂದು ಕಡೆ, ಒಂಟಿ ಹೆಂಗಸಿಗೆ ಕೊಡಲ್ಲ ಅಂದ್ರು.

“ಅಯ್ಯೋ ಅಲ್ಲೂ ಹಂಗೇನಾ?” ಅಂದೆ.

“ಎಲ್ಲಾ ಕಡೆ ಹಂಗೇ ಅವ್ವ. ಆದ್ರೆ ಇಲ್ಲಿ ಜಾತಿ ಕೇಳ್ಲಿಲ್ಲ. ಇವ್ರಿಗೆ ನಾನು ಬರೀ ಇಂಡಿಯಾದೋಳು. ಅದೊಂದು ಎಷ್ಟು ಆರಾಮ ಗೊತ್ತಾ?” ಅಂದ್ಲು. ಅದನ್ನ ಕೇಳಿ ನನಗೆ ಖುಷೀನೂ ಆಯ್ತು, ಸಂಕಟಾನೂ ಆಯ್ತು.

ಗುರುವಾರ ಹಕ್ಕಿಪಿಕ್ಕಿ ಕ್ಯಾಂಪಿನ ಹೆಂಗಸೊಬ್ಳು ಬ್ಲೌಸು ಹೊಲೆಸಾಕೆ ಬಂದ್ಲು. ನಮ್ಮ ತಾಲೂಕಿನ ಆ ಜನ ತಲೆಗೂದಲ ಎಣ್ಣೆ ಮಾರ್ಕೊಂಡು ಆಫ್ರಿಕ ಎಲ್ಲಾ ಸುತ್ತಿ ಬರ್ತಾರೆ. ಗಬು ಗೊತ್ತೇನವ್ವ ಅಂದೆ. “ಗಬಾನಾ? ಹೋಗಿದೀನಲ್ಲ,” ಅಂದ್ಲು. ಗಬಾನ್ ಅನ್ನೋದು ಬೇರೆ ದೇಶ ಅಂತೆ, ನನಗೇನು ಗೊತ್ತು. ಆದ್ರೂ ಒಂದು ಮಾತು ಹೇಳಿದ್ಲು: “ಹೊಸ ಊರಾಗೆ ಗಂಡಸ್ರನ್ನ ಕೇಳಬ್ಯಾಡ್ರಿ. ಬೆಳಿಗ್ಗೆ ನೀರು ಸೇದೋ ಕಡೆ ಹೋಗಿ ನಿಂತ್ಕೊಳ್ಳಾಕೆ ಹೇಳ್ರಿ. ಯಾರ ಮನ್ಯಾಗೆ ಯಾವ ಕೋಣೆ ಖಾಲಿ ಐತೆ ಅನ್ನೋದು ಹೆಂಗಸರಿಗೆ ಗೊತ್ತಿರ್ತೈತೆ.”

ಅಕ್ಷಿತಾಗೆ ಹೇಳಿದೆ. ಮಾರನೇ ಬೆಳಿಗ್ಗೆ ಅವಳು, ಫಾತುಮಾತಾ ಬಾವಿ ಹತ್ರ ಹೋಗಿ ನಿಂತ್ರು. ನಿಂತ ಗಳಿಗೇಲೇ ಕೆಲಸ ಆಯ್ತು ನೋಡ್ರಿ. ಜೆನಾಬು ಅಂತ ಒಬ್ಳು ವಯಸ್ಸಾದ ಹೆಂಗಸು, ದನ ಸಾಕೋ ಫುಲಾ ಜನದೋಳು, ಗಂಡ ತೀರಿಕೊಂಡಿದಾನೆ, ಮಗಳು ಮದ್ವೆ ಆಗಿ ಹೋಗಿದಾಳೆ, ಮಗಳ ಕೋಣೆ ಖಾಲಿ ಐತೆ. ಅಂಗಳದ ಸುತ್ತ ಮೂರು ಕೋಣೆ, ನಡುವೆ ಮಾವಿನ ಮರ, ಒಳಗಿಂದ ಹಾಕ್ಕೊಳ್ಳಾಕೆ ಗಟ್ಟಿ ಚಿಲಕ. ಅಕ್ಷಿತಾ ಫೋನಾಗೆ ಎಲ್ಲಾ ತೋರಿಸಿದ್ಲು. ಮಾವಿನ ಮರ ನೋಡಿ ನಾನು ಅತ್ತೇಬಿಟ್ಟೆ. ಸಿಗ್ತಲ್ಲಪ್ಪ ಅಂತ ಎದ್ದು ಹೋಗಿ ದೀಪ ಹಚ್ಚಿದೆ.

ಶನಿವಾರ ಮಧ್ಯಾಹ್ನ ಫೋನು ಬಂತು. ಪ್ರೇಮಮ್ಮಾರು ಒಳಗೆ ಮಲಗಿದ್ರು. ಅಕ್ಷಿತಾ ಮೂಗು ಏರಿಸೋದು ಕೇಳಿಸ್ತು.

“ಏನಾಯ್ತೇ?”

“ರೂಮು ಕೊಡಲ್ಲಂತೆ ಅವ್ವ.”

ಆಗಿದ್ದು ಹಿಂಗೆ. ಲಗೇಜು ತರಾಕೆ ಮೊದಲು ಜೆನಾಬು ಇವಳನ್ನ ಮರದ ಕೆಳಗೆ ಕೂರಿಸಿ ಟೀ ಕೊಟ್ಲಂತೆ. ಆ ಜನ ಒಬ್ರಿಗೊಬ್ರು ಸಿಕ್ರೆ ಮೊದಲು ನಿಮ್ಮಪ್ಪ ಹೆಂಗಿದಾನೆ, ಅವ್ವ ಹೆಂಗಿದಾಳೆ, ಮನೆಯೋರೆಲ್ಲ ಹೆಂಗಿದಾರೆ, ದನ ಹೆಂಗಿದಾವೆ ಅಂತ ಉದ್ದಕ್ಕೂ ವಿಚಾರಿಸ್ತಾರಂತೆ. ಅದು ಅವ್ರ ಮರ್ಯಾದೆ. ಕೇಳ್ತಾ ಕೇಳ್ತಾ, “ನೀನು ಯಾವ ಮನೆತನದ ಮಗಳು? ನಿಮ್ಮೋರು ಯಾರು? ನಿಮ್ಮಪ್ಪನ ಹೆಸರೇನು?” ಅಂದಿದಾಳೆ.

ಬಾಡಿಗೆ ಕೊಡೋ ಹೆಂಗಸು, ಮನೆ ಮುಂದೆ ಕೂರಿಸಿ, ‘ನಿಮ್ಮೋರು ಯಾರು’ ಅಂತ ಕೇಳ್ತಾಳೆ. ನನ್ನ ಮಗಳಿಗೆ ಚಿಕ್ಕಂದಿನಿಂದ ಬಾಯಿಪಾಠ ಆಗಿರೋದು ಹಂಗೇ ಹೊರಗೆ ಬಂದೈತೆ. “ಓಂಕಾರಪ್ಪ” ಅಂದಿದಾಳೆ. ಅಂದ ಮೇಲೆ ನಾಲಿಗೆ ಕಚ್ಕೊಂಡಿದಾಳೆ. ಫಾತುಮಾತಾ ಅವಳ ಪಾಸ್‌ಪೋರ್ಟು ರೂಮು ಕೇಳಿದ ಕಡೆಯೆಲ್ಲ ತೋರಿಸಿದ್ದನ್ನ ನೋಡಿದೋಳು, “ಅಲ್ಲಿ ಓಬಣ್ಣ ಅಂತ ಐತಲ್ಲ?” ಅಂತ ಸುಮ್ನೆ ಕೇಳಿದಾಳೆ, ಪಾಪ ಕೆಟ್ಟ ಉದ್ದೇಶ ಇಲ್ಲ. ಇವಳು ಗಾಬರಿಯಾಗಿ ಇನ್ನೇನೋ ಹೇಳಾಕೆ ಹೋಗಿ, ಅದೂ ಸರಿಯಾಗ್ದೆ, ನಿಮ್ಮೋರು ಯಾರು ಅಂದಿದ್ದಕ್ಕೆ ಮಾತು ಮರೆಸಾಕೆ ಹೋಗಿದಾಳೆ. ನಾನೇ ಕಲಿಸಿದ್ದು ತಾನೆ.

ಜೆನಾಬು ಕೊಡಾಕೆ ಅಂತ ತೆಗೆದಿದ್ದ ಬೀಗದ ಕೈಯನ್ನ ಮತ್ತೆ ಸೊಂಟಕ್ಕೆ ಸಿಗಿಸ್ಕೊಂಡ್ಲಂತೆ. “ಅಪ್ಪನ ಹೆಸರು ಮುಚ್ಚಿಡೋ ಹುಡುಗಿ ಒಂದೋ ಓಡಿ ಬಂದಿರ್ತಾಳೆ, ಇಲ್ಲಾ ಮನೆಯಿಂದ ಹೊರಗೆ ಹಾಕಿರ್ತಾರೆ. ನಾನು ರೂಮು ಬಾಡಿಗೆಗೆ ಕೊಡೋಳಲ್ಲ, ಮಗಳು ಅಂತ ಒಳಗೆ ಕರ್ಕೊಳ್ಳೋಳು. ಯಾರ ಮಗಳು ಅಂತ ಗೊತ್ತಿಲ್ಲದೆ ಹೆಂಗೆ ಕರ್ಕೊಳ್ಲಿ?” ಅಂದಿದಾಳೆ.

“ಈಗೇನ್ ಮಾಡೋದೇ?”

“ಒಂದು ಮಾತು ಹೇಳಿದಾಳೆ ಅವ್ವ. ನಿಮ್ಮವ್ವನ ಬಾಯಿಂದ ಕೇಳ್ತೀನಿ, ಮುಖ ನೋಡ್ಕೊಂಡು ಕೇಳ್ತೀನಿ ಅಂದಿದಾಳೆ. ಆದ್ರೆ ನಿನ್ನ ಮಾತನ್ನ ನಾನು ಹೇಳಂಗಿಲ್ವಂತೆ. ಪ್ರಸನ್ನಕುಮಾರ್ ಸರ್ ಹೇಳಬೇಕಂತೆ. ಅವ್ರು ಇಲ್ಲಿ ತುಂಬಾ ವರ್ಷದಿಂದ ಇದಾರೆ, ಇಲ್ಲಿನ ಮಾತು ಬರ್ತೈತೆ.”

“ಅವ್ರಿಗೆ ಕನ್ನಡ ಬರ್ತೈತಲ್ಲೇ.”

“ಅದಕ್ಕೇ ಹೇಳ್ತಿರೋದು. ನೀನು ಏನಂದ್ರೂ ಅವ್ರಿಗೆ ತಿಳೀತೈತೆ, ಇನ್ನೊಂದು ಸುಳ್ಳು ಹೇಳಿದ್ರೆ ಮುಗೀತು.” ಮೂಗು ಒರೆಸ್ಕೊಂಡು, “ನನಗೆ ಸಾಕಾಗೈತವ್ವ ಓಂಕಾರಪ್ಪನ ಮಗಳಾಗಿ,” ಅಂದ್ಲು.

ನನಗೆ ಎಲ್ಲಿತ್ತೋ ಸಿಟ್ಟು ಬಂತು. “ಓಂಕಾರಪ್ಪ ಇಲ್ದಿದ್ರೆ ನೀನು ಎಲ್ಲಿ ಮಲಗಿ ಓದ್ತಿದ್ದೆ? ಬಸ್ ಸ್ಟ್ಯಾಂಡಿನಾಗಾ?” ಅಂತ ರೇಗಿದೆ. ಅವಳು ಫೋನು ಇಟ್ಲು. ನಾನು ಒಳಗೆ ಹೋಗಿ ಸುಮ್ಮಸುಮ್ನೆ ಪಾತ್ರೆ ಕುಕ್ಕಿದೆ.

ಭಾನುವಾರ ನಮ್ಮ ಸಂಜೆ ಹೊತ್ತಿಗೆ ಫೋನ್ ಮಾಡೋದು ಅಂತ ಮಾತಾಗಿತ್ತು. ಜಗಲಿ ಮೇಲೆ ಕೂತು ಆ ಮಾತು ಆಡಾಕಾಗ್ತದಾ? ನಾಲ್ಕೂವರೆ ಬಸ್ಸಿಗೆ ನಲ್ಲೂರಿಗೆ ಹೋಗಿ, ಅಂಬಿಕಾ ಮನೆಯಾಗೆ ಬಾಗಿಲು ಹಾಕ್ಕೊಂಡು ಮಾತಾಡ್ತೀನಿ ಅಂತ ಯೋಚ್ನೆ ಮಾಡ್ಕೊಂಡಿದ್ದೆ. ನಮ್ಮನೆಯೋರು ನ್ಯಾ‌ಮತೀಲಿ ಒಂದು ಮನೆಗೆ ಆರ್‌ಸಿಸಿ ಹಾಕಾಕೆ ಹೋಗಿದ್ರು. ಹೇಳಿದ್ದಕ್ಕೆ, “ನಿನಗೆ ತಿಳಿದಂಗೆ ಮಾಡು, ನನಗೇನೂ ಇಲ್ಲ,” ಅಂದ್ರು. ಹೆಸರು ಅವ್ರದ್ದು, ತಲೆನೋವು ನನ್ನದು.

ಸೀರೆ ಉಟ್ಟು ಚೀಲ ಹಿಡಿದು ಹೊರಗೆ ಬಂದಿದೀನಿ, ಫೋನು ಬಡ್ಕೊಳ್ತು. ವಿಡಿಯೋ ಕಾಲು. ಜಗಲಿ ಮೇಲೆ ಪ್ರೇಮಮ್ಮಾರು ಮೊರದ ತುಂಬ ಚವಳೀಕಾಯಿ ಇಟ್ಕೊಂಡು ಸೋಸ್ತಾ ಕೂತಿದಾರೆ.

“ಅವ್ವ, ಜೆನಾಬು ಯಾರದೋ ಮಗೂಗೆ ಹೆಸರಿಡೋ ಕಾರ್ಯಕ್ಕೆ ಬೇರೆ ಊರಿಗೆ ಹೊರಟಿದಾರೆ. ಗಾಡಿ ಬಂದು ನಿಂತೈತೆ. ಈಗ್ಲೇ ಮಾತಾಡಬೇಕಂತೆ,” ಅಂದ್ಲು ಅಕ್ಷಿತಾ. ಫೋನು ಕೈ ಬದಲಾಯ್ತು.

“ಅಮ್ಮಾ, ನಮಸ್ಕಾರ. ನಾನು ಪ್ರಸನ್ನಕುಮಾರ್,” ಅಂತ ಗಂಡಸಿನ ದನಿ. “ನನಗೂ ಹೊತ್ತಿಲ್ಲ ಅಮ್ಮಾ, ಲೋಡು ನಿಂತಿದೆ. ಈ ಯಜಮಾನಿ ಕೇಳಿದ್ದನ್ನ ಕೇಳ್ತೇನೆ, ನೀವು ಹೇಳಿ. ಹುಡುಗಿಯ ತಂದೆ ಹೆಸರೇನು? ಎರಡು ಹೆಸರು ಯಾಕೆ?”

ಫೋನಿನಾಗೆ ಆ ಹೆಂಗಸಿನ ಮುಖ ಬಂತು. ತಲೆಗೆ ಬಿಳಿ ಬಟ್ಟೆ, ಕೆನ್ನೆ ಗುಳಿ ಬಿದ್ದೈತೆ, ಕಣ್ಣು ಮಾತ್ರ ಹೆಣ್ಣು ನೋಡಾಕೆ ಬಂದ ಬೀಗಿತ್ತಿ ಕಣ್ಣು. ನನ್ನನ್ನ ಅಡಿಯಿಂದ ಮುಡಿವರೆಗೆ ಅಳೀತಿದಾಳೆ. ಪ್ರೇಮಮ್ಮಾರು ಈ ಕಡೆಯಿಂದ, “ಅಕ್ಷಿತಾ ಕಾಣ್ತಾಳಾ? ತೋರಿಸ್ರಿ, ತೋರಿಸ್ರಿ,” ಅಂತ ಕತ್ತು ಚಾಚಿದ್ರು.

ನಾನು ಗೇಟಿನ ಕಡೆ ಸರಿದೆ. “ಅವ್ರಪ್ಪನ ಹೆಸರು...” ಅಂತ ಮೆಲ್ಲಗೆ ಅಂದೆ. ಸಿಗ್ನಲ್ ಹೋಗಿ ಫೋನಿನಾಗಿನ ಮುಖ ಚೌಕ ಚೌಕ ಆಗಿ ನಿಂತು ಹೋಯ್ತು.

“ಕೇಳ್ತಿಲ್ಲ ಅಮ್ಮಾ. ಎಲ್ಲಿಗೋ ಹೋಗ್ತಾ ಇದ್ದೀರಿ, ಒಂದು ಕಡೆ ನಿಲ್ಲಿ. ಜೋರಾಗಿ ಹೇಳಿ!”

ಮತ್ತೆ ಜಗಲಿಗೆ ಬಂದೆ. ಅಲ್ಲೇ ಸಿಗ್ನಲ್ಲು. ಪ್ರೇಮಮ್ಮಾರಿಗೂ ನನಗೂ ಒಂದು ಮೊರದಷ್ಟು ದೂರ. ನಾಳೆ ಫೋನ್ ಮಾಡ್ತೀನಿ ಅನ್ನೋಣ ಅಂದ್ರೆ ನಾಳೆ ಇಲ್ಲ, ಇವತ್ತೇ ಭಾನುವಾರ. ಫೋನಿನ ಮೂಲೇಲಿ ಅಕ್ಷಿತಾ ಕಂಡ್ಲು. ಬ್ಯಾಗು ಕಾಲ ಹತ್ರ ಇಟ್ಕೊಂಡು, ಇನ್ನೊಬ್ರ ಅಂಗಳದಾಗೆ, ಬೇರೆಯೋರ ಮನೆ ಬಾಗಿಲಾಗೆ ನಿಂತಿದಾಳೆ. ಹಂಗೆ ನಿಂತಿದ್ದನ್ನ ನಾನು ನೋಡಿದೀನಿ. ಚನ್ನಗಿರೀಲಿ ನನ್ನ ಸೆರಗು ಹಿಡ್ಕೊಂಡು ಎಷ್ಟು ಬಾಗಿಲಾಗೆ ಹಂಗೇ ನಿಂತಿದ್ಲು. ತಡೀಲಾರ್ದೆ ಹೋಯ್ತು.

“ಓಬಣ್ಣ!” ಅಂದೆ. ಬೀದಿಗೆಲ್ಲ ಕೇಳಿಸಿರಬೇಕು. “ಇವಳಪ್ಪನ ಹೆಸರು ಓಬಣ್ಣ.”

“ಮತ್ತೆ ಓಂಕಾರಪ್ಪ ಯಾರು?”

“ಯಾರೂ ಇಲ್ಲ ಸಾರ್. ಅಂಥೋನು ಹುಟ್ಟೇ ಇಲ್ಲ. ಬಾಡಿಗೆ ಮನೆಗೋಸ್ಕರ ನಾನು ಹುಟ್ಟಿಸಿದ ಹೆಸರು ಅದು. ನಾವು ಮಾದಿಗರು. ಓಬಣ್ಣ ಅಂದ್ರೆ ನಮ್ಮ ಕಡೆ ಜಾತಿ ಕೇಳ್ತಾರೆ, ಕೇಳಿದ ಮೇಲೆ ಮನೆ ಕೊಡಲ್ಲ. ಅದಕ್ಕೆ ಮಗಳಿಗೆ ಸುಳ್ಳು ಹೆಸರು ಕಲಿಸಿದೀನಿ. ಅವಳು ಓಡಿ ಬಂದೋಳಲ್ಲ, ಯಾರೂ ಹೊರಗೆ ಹಾಕಿಲ್ಲ. ಮನೆ ಕೇಳಾಕೆ ಹೋದಾಗ ಏನು ಹೇಳಬೇಕು ಅಂತ ನಾನು ಕಲಿಸಿದ್ನೋ ಅದನ್ನೇ ಒಪ್ಪಿಸಿದಾಳೆ. ತಪ್ಪಿದ್ರೆ ನನ್ನದು. ಅವಳಪ್ಪ ಮನೆ ಕಟ್ಟೋ ಕೆಲಸ ಮಾಡ್ತಾರೆ. ನಾನು ಬಟ್ಟೆ ಹೊಲೀತೀನಿ. ಜಗಳೂರು ತಾಲೂಕಿನೋರು. ನಮಗೆ ಅವಳೊಬ್ಳೇ. ಯಾರ ಮಗಳು ಅಂತ ಕೇಳಿದ್ರೆ, ನನ್ನ ಮಗಳು, ಕರಿಬಸಮ್ಮನ ಮಗಳು ಅಂತ ಹೇಳ್ರಿ!”

ಪ್ರಸನ್ನಕುಮಾರ್ ದನಿ ಇಳಿಸಿ, “ಇದನ್ನ ಅವರ ಭಾಷೇಲಿ ಹೇಗೆ ಹೇಳೋದು ಅಮ್ಮಾ? ಬೇರೆ ಏನಾದ್ರೂ ಕಾರಣ ಹೇಳ್ಲಾ?” ಅಂದ್ರು.

“ಇದ್ದಂಗೇ ಹೇಳ್ರಿ. ಬೇರೆ ಹೇಳಿ ಹೇಳಿಯೇ ಇಲ್ಲಿಗೆ ಬಂದಿರೋದು.”

ಅವ್ರು ಹೇಳಿದ್ರು. ತುಂಬಾ ಹೊತ್ತು ಹೇಳಿದ್ರು. ಜೆನಾಬು ನನ್ನ ಮುಖದಿಂದ ಕಣ್ಣು ತೆಗೀಲಿಲ್ಲ. ನಡುವೆ ಒಂದು ಮಾತು ಕೇಳಿದ್ಲು.

“ಮನೆ ಕಟ್ಟೋನಿಗೆ ಮನೆ ಕೊಡೋದಿಲ್ವಾ ಅಂತ ಕೇಳ್ತಿದ್ದಾರೆ.”

“ಕೊಡಲ್ಲ ಅಂತ ಹೇಳ್ರಿ.”

ಆ ಹೆಂಗಸು ನಾಲಿಗೇಲಿ ಲೊಚ್ ಅಂದ್ಲು, ಥೇಟ್ ನಮ್ಮವ್ವ ಅಂತಿದ್ದಂಗೆ. ಅವ್ರ ಫುಲಾ ಜನದಾಗೂ ಕಮ್ಮಾರರಿಗೆ ಹೆಣ್ಣು ಕೊಡೋದು ತರೋದು ಇಲ್ವಂತೆ. ಆದ್ರೆ ಮಲಗಾಕೆ ಬಂದೋರಿಗೆ ಚಾಪೆ ಇಲ್ಲ ಅನ್ನಲ್ವಂತೆ. ಅಷ್ಟು ಹೇಳಿ, ಸೊಂಟದಿಂದ ಬೀಗದ ಕೈ ತೆಗೆದು ಅಕ್ಷಿತಾ ಅಂಗೈಯಾಗೆ ಇಟ್ಟು, ಬೆರಳು ಒಂದೊಂದಾಗಿ ಮಡಚಿದ್ಲು. ಗಾಡಿ ಹತ್ತಾಕೆ ಓಡಿದ್ಲು. ಅಕ್ಷಿತಾ ಅಳ್ತಾ ನಗ್ತಾ, “ಅವ್ವಾ, ಆಮೇಲೆ ಮಾಡ್ತೀನಿ,” ಅಂದ್ಲು. ಫೋನು ಕಟ್ಟಾಯ್ತು.

ಜಗಲಿ ಮೇಲೆ ಚವಳೀಕಾಯಿ ಮುರಿಯೋ ಸದ್ದು ನಿಂತಿತ್ತು.

“ಮೊದಲೇ ಹೇಳಬೇಕಿತ್ತು ಕರಿಬಸಮ್ಮ,” ಅಂದ್ರು ಪ್ರೇಮಮ್ಮಾರು. ದನಿ ಸಣ್ಣಕ್ಕಿತ್ತು.

“ಹೇಳಿದ್ರೆ ಕೊಡ್ತಿದ್ರೇನ್ರಿ?”

ಅವ್ರು ಉತ್ತರ ಹುಡುಕಿದ್ರು. ಹುಡುಕಿದ್ದು ನಿಜ, ನಾನು ಅವ್ರ ಮುಖದಾಗೆ ನೋಡಿದೆ. ಸಿಗ್ಲಿಲ್ಲ. ಮೊರ ಎತ್ಕೊಂಡು ಒಳಗೆ ಹೋದ್ರು. ನನಗೆ ಸಿಟ್ಟು ಬರ್ಲಿಲ್ಲ, ದುಃಖ ಬಂತು. ಇಷ್ಟು ವರ್ಷದ ಹೋಳಿಗೆ ಎಲ್ಲಾ ಓಂಕಾರಪ್ಪನ ಮನೆಗೆ ಬಂದಿದ್ದು, ನಮ್ಮ ಮನೆಗೆ ಅಲ್ಲ ಅನ್ನಿಸ್ತು.

ಎರಡು ದಿನ ಬಿಟ್ಟು ಪಂಚಾಕ್ಷರಪ್ಪನೋರು ಬಂದ್ರು. ಒಳಗೆ ಬರ್ಲಿಲ್ಲ, ಮೆಟ್ಟಿಲ ಕೆಳಗೇ ನಿಂತು, “ನಮ್ಮ ಬಸವರಾಜ್ ಊರಿಗೆ ಬರ್ತಾನಂತೆ, ಅವನಿಗೆ ಈ ಮನೆ ಬೇಕಾಗೈತೆ. ಅವಸರ ಏನಿಲ್ಲ, ಈ ತಿಂಗಳು ಮುಗಿಸಿ ನೋಡ್ರಿ,” ಅಂದ್ರು. ಅವ್ರ ಮಗ ಬಸವರಾಜ್ ದಾವಣಗೆರೇಲಿ ದೊಡ್ಡ ಮನೆ ಕಟ್ಟಿಸಿದಾನೆ. ಅದರ ಕಿಟಕಿ ಪರದೆ ಎಲ್ಲಾ ನಾನೇ ಹೊಲೆದಿದ್ದು. ಅದನ್ನ ಅವ್ರಿಗೆ ನೆನಪು ಮಾಡಾಕೆ ಹೋಗ್ಲಿಲ್ಲ. ಆಯ್ತು ರೀ ಅಂದೆ.

ನಮ್ಮನೆಯೋರಿಗೆ ಫೋನ್ ಮಾಡಿ ಹೇಳಿದೆ. ಆ ಮನುಷ್ಯ ನಗಾಕೆ ಶುರು ಮಾಡಿದ್ರು ಕಣ್ರಿ. “ಹಂಗಾದ್ರೆ ಓಂಕಾರಪ್ಪ ಸತ್ತ ಅನ್ನು. ಒಳ್ಳೆ ಮನುಷ್ಯ, ಒಂದಿನಾನೂ ಕುಡೀಲಿಲ್ಲ. ನಲ್ಲೂರಾಗೆ ಕೋಳಿ ಕೊಯ್ದು ತಿಥಿ ಮಾಡೋಣ ತಗಾ,” ಅಂದ್ರು. ನಗ್ತಾ ನಗ್ತಾ ದನಿ ಒಡೀತು.

ಅಕ್ಷಿತಾ ಕೇಳಿದ್ಲು, “ಅವ್ವ, ಅವತ್ತು ಪ್ರೇಮಾಂಟಿ ಕೇಳಿಸ್ಕೊಂಡ್ರಾ?”

“ಇಲ್ಲ ಕಣೇ, ಒಳಗಿದ್ರು,” ಅಂದೆ. ಸೀಜನ್ ಮುಗಿಸಿ ಬರ್ಲಿ, ಆಮೇಲೆ ಹೇಳಿದ್ರಾಯ್ತು.

“ಜೆನಾಬು ನಿನ್ನನ್ನ ದಿನಾ ಕೇಳ್ತಾರೆ. ನಿಮ್ಮವ್ವ ಈ ಕಡೆ ಬಂದ್ರೆ ಎಲ್ಲೂ ಜಾಗ ಕೇಳ್ಕೊಂಡು ಓಡಾಡೋದು ಬೇಡ, ನೆಟ್ಟಗೆ ಇಲ್ಲಿಗೇ ಬರಬೇಕು ಅಂತ ಹೇಳು ಅಂದಿದಾರೆ.”

ಸಿಗ್ನಲ್ ಸರಿಯಿಲ್ಲ ಅಂತ ಫೋನು ಇಟ್ಟೆ.

ಮಾರನೇ ದಿನ ಮಶೀನು ಮುಚ್ಚಿಟ್ಟು ಮನೆ ಹುಡುಕಾಕೆ ಹೊರಟೆ. ಹೊನ್ನಾಳಿ ಕಡೆ ಹೋಗೋ ರಸ್ತೇಲಿ ಹೊಸ ಬಡಾವಣೆ. ಒಂದು ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಅಂತ ಬೋರ್ಡು ತಂತಿಯಿಂದ ಕಟ್ಟಿತ್ತು. ಬೆಲ್ ಒತ್ತಿದೆ. ವಯಸ್ಸಾದೋರು ಒಬ್ರು ಬಂದ್ರು, ರಿಟೈರ್ಡ್ ಮೇಷ್ಟ್ರು, ವಿರೂಪಾಕ್ಷಪ್ಪ ಅಂತ. ನಗು ಮುಖ. ಒಳಗೆ ಬರ್ರಿ, ನೋಡ್ರಿ, ಗಾಳಿ ಬೆಳಕು ಚೆನ್ನಾಗೈತೆ, ನೀರು ದಿನಾ ಬರ್ತೈತೆ ಅಂತ ಅವ್ರೇ ಹೇಳಿದ್ರು. ನೋಡಿದೆ. ಚೆನ್ನಾಗಿತ್ತು. ಮಶೀನ್ ಇಡಾಕೆ ಕಿಟಕಿ ಹತ್ರ ಒಳ್ಳೆ ಜಾಗ ಇತ್ತು.

ಹೊರಗೆ ಗೇಟಿನ ಹತ್ರ ಬಂದು, “ನಿಮ್ಮ ಹೆಸರು ಏನಮ್ಮ?” ಅಂದ್ರು.

“ಕರಿಬಸಮ್ಮ.”

“ಓಹೋ, ಉಕ್ಕಡಗಾತ್ರಿ ಅಜ್ಜಯ್ಯನ...” ಅಂತ ಅವ್ರ ಮುಖ ಅರಳ್ತು.

ಸುಮ್ನೆ ನಕ್ಕಿದ್ರೆ ಸಾಕಿತ್ತು. ಆ ಕಿಟಕಿ ನನ್ನದಾಗ್ತಿತ್ತು.

“ಅಲ್ಲ ರೀ. ನಾವು ಮಾದಿಗರು. ಯಜಮಾನ್ರ ಹೆಸರು ಓಬಣ್ಣ, ಗಾರೆ ಕೆಲಸ,” ಅಂದೆ.

ಅವ್ರು ಕನ್ನಡಕ ತೆಗೆದು ಒರೆಸಿದ್ರು. “ಅದೇನಾಗೈತೆ ಅಂದ್ರೆ ಅಮ್ಮ, ನಿನ್ನೆ ಸಂಜೆ ಒಬ್ರು ಬಂದು ಮಾತಾಡಿ ಹೋದ್ರು. ಹೆಚ್ಚುಕಮ್ಮಿ ಅವ್ರಿಗೇ ಅಂತ ಆಗೈತೆ.”

“ಹೌದಾ? ಬೋರ್ಡು?”

“ತೆಗೀಬೇಕಿತ್ತು. ಮರ್ತುಬಿಟ್ವಿ.”

“ಈಗ ತೆಗೀರಿ ಮತ್ತೆ.”

“ಆಂ?”

“ತೆಗೀರಿ ಸಾರ್. ನನ್ನಂಗೆ ಇನ್ನೊಬ್ರು ಬಿಸಿಲಾಗೆ ಬಂದು ಬೆಲ್ ಒತ್ತೋದು ಬ್ಯಾಡ.”

ಅವ್ರು ನನ್ನ ಮುಖ ನೋಡಿದ್ರು, ಬೀದಿಯ ಆ ಕಡೆ ಈ ಕಡೆ ನೋಡಿದ್ರು. ತಂತಿ ಹಿಡಿದು ತಿರುವಿದ್ರು. ಬಿಗಿಯಾಗಿ ಸುತ್ತಿತ್ತು, ಬಿಚ್ಕೊಳ್ಳಲಿಲ್ಲ. “ಇದಕ್ಕೆ ಇಕ್ಕಳ ಬೇಕಮ್ಮ,” ಅಂದ್ರು.

“ತಗೊಂಡ್ ಬರ್ರಿ,” ಅಂದೆ. “ನಾನು ಇಲ್ಲೇ ನಿಂತಿರ್ತೀನಿ.”